ಹಸಿರು ಉಕ್ಕೂ ತಗಡಿನ ಮಾಡೂ

ಕೇಂದ್ರ ಸರ್ಕಾರದ ಉಕ್ಕು ಮಂತ್ರಾಲಯವು ೨೦೨೪ನೆಯ ಇಸವಿ ಡಿಸೆಂಬರು ತಿಂಗಳಿನಲ್ಲಿ “ಹಸಿರು ಉಕ್ಕು” ಎಂದರೆ ಯಾವುದೆಂಬುದಕ್ಕೆ ಲಕ್ಷಣವನ್ನು ಗೊತ್ತುಮಾಡಿ ಪ್ರಕಟಿಸಿತು. ಒಂದು ಟನ್ನು ಸಿದ್ಧ ಉಕ್ಕನ್ನು ತಯಾರಿಸುವಲ್ಲಿ ಹೊರಬೀಳುವ ಇಂಗಾಲಾಮ್ಲ ವಾಯುವು ೨.೨ ಟನ್ನಿಗಿಂತ ಕಡಮೆಯಾಗಿದ್ದರೆ ಅದು ಹಸಿರು ಉಕ್ಕೆನಿಸುವುದು. ೧.೬ ಟನ್ನಿಗಿಂತಲೂ ಕೆಳಗಿಳಿದರೆ ಐದು ನಕ್ಷತ್ರಗಳು, ೧.೬ರಿಂದ ೨.೦ರವರೆಗೆ ನಾಲ್ಕು, ೨.೦ರಿಂದ ೨.೨ರವರೆಗೆ ಮೂರು. ನಮ್ಮ ದೇಶದ ಕುಲುಮೆಗಳ ಸರಾಸರಿಯು ಸುಮಾರು ೨.೫ ಟನ್ನು, ಜಗತ್ತಿನ ಸರಾಸರಿಯಾದರೋ ೧.೯ರ ಆಸುಪಾಸಿನಲ್ಲಿದೆ. ೨೦೨೬ನೆಯ ಜನವರಿ ೧ರಿಂದ ಐರೋಪ್ಯ ಒಕ್ಕೂಟವು ತನ್ನ ಗಡಿಯನ್ನು ದಾಟಿ ಬರುವ ಉಕ್ಕಿನ ಮೇಲೆ ಇಂಗಾಲದ ಸುಂಕದ ಹೊಣೆಯನ್ನು ಹೊರಿಸಿರುವುದರಿಂದ, ಈ ನಕ್ಷತ್ರಗಳು ಬರಿಯ ಅಲಂಕಾರಗಳಾಗಿ ಉಳಿದಿಲ್ಲ. ಸರಕಿನ ಬೆಲೆಯೊಳಗೇ ಸೇರಿಕೊಂಡಿವೆ.

ಇದು ದಿಲ್ಲಿಯ ಮಾತು, ಬ್ರಸೆಲ್ಸಿನ ಮಾತು. ಕಡೂರು, ತರೀಕೆರೆ, ಅಜ್ಜಂಪುರಗಳ ಗೃಹಸ್ಥನಿಗೆ ಇದರಿಂದೇನಾಗಬೇಕು? ಎಂದು ಕೇಳುವವರುಂಟು. ಅಂಥವರು ಬೀರೂರು ಜಂಕ್ಷನ್ನಿನಿಂದ ಯಾವ ದಿಕ್ಕಿಗಾದರೂ ರೈಲು ಹತ್ತಿ ಹೊರಗೆ ದೃಷ್ಟಿ ಹಾಯಿಸಲಿ. ತರೀಕೆರೆಯ ಕಡೆಗೆ ಹೋದರೆ ಅಡಕೆಯನ್ನು ಸುಲಿದು ಬೇಯಿಸುವ ಶೆಡ್ಡುಗಳು. ಅಜ್ಜಂಪುರದ ಕಡೆಗೆ ಹೋದರೆ ಈರುಳ್ಳಿಯನ್ನು ಕೂಡಿಡುವ ಕೊಟ್ಟಿಗೆಗಳು. ಕಡೂರಿನ ಕಡೆಗೆ ಕೊಬ್ಬರಿಯ ಮಂಡಿಗಳು. ಇವುಗಳ ನಡುನಡುವೆ ಶಾಲೆಯ ಅಡಿಗೆ ಕೋಣೆ, ಬಸ್ಸಿನ ತಂಗುದಾಣ, ಬಡವನ ಎರಡು ಅಂಕಣದ ಮನೆ. ಒಂದು ತಲೆಮಾರಿನ ಹಿಂದೆ ಹೆಂಚೋ ಹುಲ್ಲೋ ಸೋಗೆಯೋ ಇದ್ದ ಎಡೆಗಳಲ್ಲಿ ಇಂದು ಸತುವು ಬಳಿದ ತಗಡು, ಅಂದರೆ ನಮ್ಮ ಜನರು ಶೀಟು ಎಂದು ಕರೆಯುವ ವಸ್ತುವು ಬಂದು ಕುಳಿತಿದೆ. ಉಕ್ಕಿನ ಪ್ರಶ್ನೆಯು ಹೀಗೆ ನಮ್ಮ ತಲೆಯ ಮೇಲೆಯೇ ಇರುವಾಗ ಅದು ಪರಸ್ಥಳದ ಪ್ರಶ್ನೆಯಾಗುವುದೆಂತು?

ತಗಡಿನ ಮಾಡನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅಲೆಯಲೆಯಾಗಿ ಮಡಿಸಿದ ಕಬ್ಬಿಣದ ತಗಡಿಗೆ ೧೮೨೯ರಲ್ಲಿ ಲಂಡನ್ನಿನಲ್ಲಿ ಹೆನ್ರಿ ರಾಬಿನ್ಸನ್ ಪಾಮರನು ಸನ್ನದು ಪಡೆದನು. ಅದಕ್ಕೆ ಸತುವಿನ ಲೇಪವನ್ನು ಕೊಡುವ ವಿದ್ಯೆಯು ಮುಂದಿನ ದಶಕದಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾಯಿತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನಮ್ಮ ಸೀಮೆಯಲ್ಲಿ ಬಹುಕಾಲ ಹೆಂಚೇ ಗೆದ್ದಿತು. ಆದರೆ ಹೆಂಚಿನ ಭಾರವನ್ನು ಹೊರಲು ತೊಲೆ ಬೇಕು, ಜಂತೆ ಬೇಕು, ರೀಪು ಬೇಕು. ಅವುಗಳಿಗೆ ಕಾಡು ಬೇಕು. ಕೋತಿಗಳ ಹಾವಳಿಯಿಂದ ಪ್ರತಿ ಮಳೆಗಾಲಕ್ಕೂ ಮುನ್ನ ಹೆಂಚು ಬದಲಿಸಬೇಕು. ಮಾಡು ಹತ್ತಿ ಕೈಯಾಡಿಸುವ ಕೆಲಸಗಾರರೋ ವರ್ಷೇ ವರ್ಷೇ ದುರ್ಲಭರಾಗುತ್ತಿದ್ದಾರೆ. ತಗಡಾದರೆ ಹಗುರ, ಎರಡು ದಿನದ ಕೆಲಸ, ತೆಳುವಾದ ಕಬ್ಬಿಣದ ಚೌಕಟ್ಟು ಸಾಕು. ಕಾರ್ಖಾನೆಯಲ್ಲಿಯೇ ಅಳತೆಗೆ ಕತ್ತರಿಸಿ, ತೂತು ಕೊರೆದು, ಸ್ಥಳಕ್ಕೆ ತಂದು ಬೋಲ್ಟುಗಳಿಂದ ಜೋಡಿಸುವ ಉಕ್ಕಿನ ಕಟ್ಟಡಗಳ ವಿಷಯದಲ್ಲಿಯೂ ಹೀಗೆಯೇ. ಭಾರ ಹೆಚ್ಚಾಗಿ ಬೀಳುವಲ್ಲಿ ಕಂಬವನ್ನು ಅಗಲವಾಗಿಯೂ ಕಡಮೆಯಾಗಿರುವಲ್ಲಿ ಕಿರಿದಾಗಿಯೂ ಮಾಡುವುದರಿಂದ ಉಕ್ಕು ಉಳಿಯುವುದು. ಕಾಂಕ್ರೀಟಿನಂತೆ ಮರಳಿಗಾಗಿ ಹೊಳೆಯ ಪಾತ್ರವನ್ನು ತೋಡಬೇಕಾದುದಿಲ್ಲ. ವಾರಗಟ್ಟಲೆ ನೀರು ಹಾಯಿಸಬೇಕಾದುದೂ ಇಲ್ಲ. ಬೇಡವಾದಾಗ ಬಿಚ್ಚಿ ಬೇರೆಡೆಯಲ್ಲಿ ನಿಲ್ಲಿಸಬಹುದು. ಇವು ಉದ್ಯಮದವರು ಹೇಳಿಕೊಳ್ಳುವ ಗುಣಗಳು, ಇವುಗಳಲ್ಲಿ ಸತ್ಯವಿದೆ.

ಆದರೆ ಸತ್ಯವು ಪೂರ್ತಿಯಾಗಿದೆಯೇ? ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ೧೦೦ ಚದರ ಮೀಟರು ವಿಸ್ತಾರದ ಒಂದು ಮಾಡನ್ನು ತೆಗೆದುಕೊಳ್ಳೋಣ. ಅರ್ಧ ಮಿಲಿಮೀಟರು ದಪ್ಪದ ತಗಡು ಚದರ ಮೀಟರಿಗೆ ಸುಮಾರು ೪ ಕಿಲೋ ತೂಗುವುದರಿಂದ ಅಷ್ಟು ಮಾಡಿಗೆ ಸುಮಾರು ೪೦೦ ಕಿಲೋ ಉಕ್ಕು ಬೇಕಾಗುವುದು. ದೇಶದ ಸರಾಸರಿ ಉಕ್ಕಾದರೆ ಅದರ ತಯಾರಿಕೆಯಲ್ಲಿ ೧,೦೦೦ ಕಿಲೋ ಇಂಗಾಲಾಮ್ಲವು ಆಕಾಶಕ್ಕೆ ಸೇರಿರುತ್ತದೆ. ಐದು ನಕ್ಷತ್ರಗಳ ಉಕ್ಕಾದರೆ ೬೪೦ ಕಿಲೋ. ಉಳಿತಾಯವು ದೊಡ್ಡದೇ ಸರಿ. ಇನ್ನು ಸತುವಿನ ಕಡೆಗೆ ತಿರುಗೋಣ. ತಗಡಿನ ಎರಡು ಮುಖಗಳಲ್ಲಿಯೂ ಸೇರಿ ಚದರ ಮೀಟರಿಗೆ ಎಷ್ಟು ಗ್ರಾಂ ಸತುವಿರಬೇಕೆಂಬುದನ್ನು ಐ.ಎಸ್. ೨೭೭ ಎಂಬ ಭಾರತೀಯ ಮಾನಕವು ದರ್ಜೆಗಳಾಗಿ ವಿಂಗಡಿಸಿದೆ. ಅದರಲ್ಲಿ ೧೨೦ ಗ್ರಾಮಿನದೂ ಇದೆ, ೨೭೫ ಗ್ರಾಮಿನದೂ ಇದೆ. ಮೊದಲನೆಯದರಲ್ಲಿ ಒಂದೊಂದು ಮುಖದ ಲೇಪವು ಸುಮಾರು ಎಂಟೂವರೆ ಮೈಕ್ರಾನು. ಎರಡನೆಯದರಲ್ಲಿ ಸುಮಾರು ಇಪ್ಪತ್ತು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಡಲಿನ ಉಪ್ಪೂ ಕಾರ್ಖಾನೆಗಳ ಹೊಗೆಯೂ ತಾಕದ ಒಳನಾಡಿನ ಗಾಳಿಯಲ್ಲಿ ಸತುವು ವರ್ಷಕ್ಕೆ ಹೆಚ್ಚೆಂದರೆ ೦.೭ ಮೈಕ್ರಾನಿನಷ್ಟು ಸವೆಯುವುದೆಂದು ಅಂತರರಾಷ್ಟ್ರೀಯ ಮಾನಕದವರ ಅಂದಾಜು. ಈ ಹೆಚ್ಚಿನ ಸವೆತವನ್ನೇ ಹಿಡಿದರೂ ಮೊದಲನೆಯ ತಗಡಿಗೆ ೧೨ ವರ್ಷಗಳಲ್ಲಿ ತುಕ್ಕು ಬಾಗಿಲು ತಟ್ಟುವುದು. ಎರಡನೆಯದಕ್ಕೆ ೨೮ ವರ್ಷಗಳ ಮೇಲೆ.

ಈಗ ಎರಡು ಲೆಕ್ಕಗಳನ್ನೂ ಕೂಡಿಸಿ ನೋಡಿದರೆ ಫಲವು ಸ್ವಾರಸ್ಯವಾಗಿದೆ. ಐದು ನಕ್ಷತ್ರಗಳ ಉಕ್ಕಿನಿಂದಾದರೂ ತೆಳುಲೇಪದ ತಗಡನ್ನು ಹೊದಿಸಿದರೆ ಆ ಮಾಡಿನ ಪಾಪವು ವರ್ಷಕ್ಕೆ ೫೩ ಕಿಲೋ. ನಕ್ಷತ್ರವೊಂದೂ ಇಲ್ಲದ ಸಾಧಾರಣ ಉಕ್ಕಿನಿಂದಾದರೂ ದಟ್ಟಲೇಪದ ತಗಡನ್ನು ಹೊದಿಸಿದರೆ ವರ್ಷಕ್ಕೆ ೩೬ ಕಿಲೋ. ಹೆಚ್ಚುವರಿಯಾಗಿ ಬೇಕಾದ ಹದಿನೈದು ಹದಿನಾರು ಕಿಲೋ ಸತುವಿನ ತಯಾರಿಕೆಯ ಹೊಗೆಯನ್ನು ಸೇರಿಸಿದರೂ ಅದು ನಲವತ್ತನ್ನು ಮುಟ್ಟಲಾರದು. ಆದುದರಿಂದ ಹಸಿರು ಎಂಬ ವಿಶೇಷಣವನ್ನು ಕುಲುಮೆಯ ಬಾಯಲ್ಲಿ ಮಾತ್ರವೇ ನಿರ್ಣಯಿಸಲಾಗದು. ಮಾಡಿನ ಮೇಲೆ ತಗಡು ಎಷ್ಟು ಮಳೆಗಾಲಗಳನ್ನು ಕಳೆಯುತ್ತದೆಯೋ ಅದೇ ಅದರ ಮುಖ್ಯ ಪರೀಕ್ಷೆ. ದಟ್ಟಲೇಪವೂ ನಕ್ಷತ್ರವೂ ಒಂದೆಡೆ ಸೇರಿದರೆ ಚಿನ್ನಕ್ಕೆ ಪುಟವಿಟ್ಟಂತೆ. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಬಾಳಿಕೆಯನ್ನೇ ಆರಿಸತಕ್ಕುದು. ಸತುವನ್ನು ಆವಿಯಾಗಿಸಿ ಬೇರ್ಪಡಿಸುವ ವಿದ್ಯೆಯನ್ನು ಐರೋಪ್ಯರು ಹದಿನೆಂಟನೆಯ ಶತಮಾನದಲ್ಲಿ ಕೈವಶಮಾಡಿಕೊಳ್ಳುವುದಕ್ಕೆ ಎಷ್ಟೋ ಮುನ್ನವೇ ರಾಜಸ್ಥಾನದ ಜಾವರಿನಲ್ಲಿ ನಡೆಸುತ್ತಿದ್ದ ದೇಶದವರು ನಾವು. ಆ ಲೋಹದ ಬೆಲೆಯನ್ನು ನಾವೇ ಮರೆಯುವುದು ತರವಲ್ಲ.

ಇಷ್ಟು ಸ್ಪಷ್ಟವಾದ ಸಂಗತಿಯು ಪೇಟೆಯಲ್ಲಿ ಏಕೆ ನಡೆಯದು? ಕೊಳ್ಳುವವನು ತಗಡಿನ ಬಣ್ಣವನ್ನು ನೋಡುತ್ತಾನೆ, ದಪ್ಪವನ್ನು ಬೆರಳಿನಿಂದ ಹಿಸುಕಿ ನೋಡುತ್ತಾನೆ, ದರವನ್ನು ಕೇಳುತ್ತಾನೆ. ಸತುವಿನ ಗ್ರಾಮನ್ನು ಕಣ್ಣಿನಿಂದ ಅರಿಯಲಾಗದು. ತಗಡಿನ ಮೇಲೆ ಅಚ್ಚಾಗಿರುವ ಮಾನಕದ ಗುರುತನ್ನೂ ಲೇಪದ ದರ್ಜೆಯನ್ನೂ ಓದಿ ಕೊಳ್ಳುವ ಅಭ್ಯಾಸವು ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಸಾಲ ಮಾಡಿ ಕೊಟ್ಟಿಗೆ ಕಟ್ಟುವ ಒಕ್ಕಲಿಗನಿಗೆ ಈ ಅಜ್ಞಾನವು ಬಲು ದುಬಾರಿ. ಗೊಬ್ಬರದ ಉಪ್ಪೂ ಗಂಜಲದ ಕಾವೂ ಸತುವನ್ನು ಬಯಲಿನ ಗಾಳಿಗಿಂತ ಬೇಗನೆ ತಿನ್ನುವುದರಿಂದ, ಸಾಲದ ಕೊನೆಯ ಕಂತು ತೀರುವ ಹೊತ್ತಿಗೆ ಮಾಡು ಸೋರತೊಡಗಿದರೆ ಆಶ್ಚರ್ಯವಿಲ್ಲ.

ಖಾಸಗಿಯವರ ಮಾತು ಹಾಗಿರಲಿ. ಸರ್ಕಾರದ ಕೆಲಸಗಳಲ್ಲಿಯೇ ಎಚ್ಚರವು ಸಾಲದು. ಅಧಿಕಾರಿ ವರ್ಗದವರು “ಕಡಮೆ ದರದ ಟೆಂಡರನ್ನು ಒಪ್ಪದೆ ವಿಧಿಯಿಲ್ಲ” ಎನ್ನುವುದು ವಾಡಿಕೆ. ೧೯೯೯ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಅಂಥ ಕುರುಡು ನಿಯಮವನ್ನು ಹಾಕಿಲ್ಲ. ನಿಗದಿಯಾದ ಲಕ್ಷಣಗಳಿಗೆ ಒಪ್ಪುವ ಟೆಂಡರುಗಳಲ್ಲಿ ಕಡಮೆಯಾದುದನ್ನು ಆರಿಸಬೇಕೆಂಬುದು ಅದರ ತಾತ್ಪರ್ಯ. ಆ ಲಕ್ಷಣಗಳನ್ನು ಬರೆಯುವ ಲೇಖನಿಯು ಅಧಿಕಾರಿಗಳ ಕೈಯಲ್ಲಿಯೇ ಇದೆ. “ಬಣ್ಣದ ತಗಡು, ಅರ್ಧ ಮಿಲಿಮೀಟರು” ಎಂದು ಬರೆದು ನಿಲ್ಲಿಸುವುದಕ್ಕೆ ಬದಲಾಗಿ, ಸತುವಿನ ಗ್ರಾಮು, ತಿರುಪುಮೊಳೆಯ ಲೇಪ, ಅದರ ಕೆಳಗಿನ ರಬ್ಬರು ಬಿಲ್ಲೆ, ನೀರಿನ ದೋಣಿ, ಇಷ್ಟನ್ನೂ ಕಾಣಿಸಿದರೆ ದರವು ಸ್ವಲ್ಪ ಏರುವುದು. ಆದರೆ ಹನ್ನೆರಡು ವರ್ಷಗಳ ಮೇಲೆ ಅದೇ ಶಾಲೆಗೆ ಅದೇ ಮಾಡನ್ನು ಮತ್ತೊಮ್ಮೆ ಹೊದಿಸುವ ಖರ್ಚು ತಪ್ಪುವುದು. ಜನರ ತೆರಿಗೆಯ ಹಣವನ್ನು ಕಾಪಾಡುವ ರೀತಿಯು ಇದಲ್ಲದೆ ಬೇರೆ ಯಾವುದು?

ಮಾಡಿಗೆ ಇನ್ನೆರಡು ಕರ್ತವ್ಯಗಳಿವೆ: ಬಿಸಿಲನ್ನು ತಡೆಯುವುದು, ಮಳೆಯನ್ನು ಹಿಡಿಯುವುದು. ಬರಿಯ ತಗಡಿನ ಕೆಳಗೆ ವೈಶಾಖದ ಮಧ್ಯಾಹ್ನದಲ್ಲಿ ಮಗುವು ಪಾಠವನ್ನು ಕೇಳಲಾರದು. ಜಡಿಮಳೆಯಲ್ಲಿ ಉಪಾಧ್ಯಾಯರ ಕಂಠವೇ ಕೇಳಿಸದು. ಬಿಳಿಯ ಅಥವಾ ತೆಳುಬಣ್ಣದ ಲೇಪವನ್ನೂ, ತಗಡಿನ ಕೆಳಗೆ ಶಾಖವನ್ನು ತಡೆಯುವ ಹಾಸನ್ನೂ, ಗಾಳಿಯಾಡಲು ಶಿಖರದಲ್ಲಿ ಕಿಂಡಿಯನ್ನೂ ಇಟ್ಟರೆ ಈ ದೋಷವು ಬಹುಮಟ್ಟಿಗೆ ತಗ್ಗುವುದು. ನೆರೆಯ ತೆಲಂಗಾಣದವರು ೨೦೨೩ರಲ್ಲಿ ತಂಪು ಮಾಡುಗಳಿಗಾಗಿಯೇ ಒಂದು ನೀತಿಯನ್ನು ಹೊರಡಿಸಿದರು. ನಾವು ಹಿಂದುಳಿಯಬೇಕಾದ ಕಾರಣವಿಲ್ಲ. ಇನ್ನು ಮಳೆ. ಕಡೂರು ಬರಗಾಲಕ್ಕೆ ಹೆಸರಾದ ತಾಲೂಕು. ಅಜ್ಜಂಪುರದ ಬಯಲಿನ ಸ್ಥಿತಿಯೂ ಬಹಳ ಭಿನ್ನವಲ್ಲ. ವರ್ಷಕ್ಕೆ ೬೦೦ ಮಿಲಿಮೀಟರು ಮಳೆ ಬೀಳುವ ಎಡೆಯಲ್ಲಿ ನಾವು ಹೇಳಿದ ೧೦೦ ಚದರ ಮೀಟರಿನ ಮಾಡು ೬೦,೦೦೦ ಲೀಟರು ನೀರನ್ನು ಹೊತ್ತು ನಿಲ್ಲುತ್ತದೆ. ನುಣುಪಾದ ತಗಡಿನ ಮೇಲೆ ನೀರು ಇಂಗದು. ಸ್ವಲ್ಪ ನಷ್ಟವನ್ನು ಕಳೆದರೂ ೫೦,೦೦೦ ಲೀಟರು ತೊಟ್ಟಿಗೆ ಬರಬೇಕು. ಒಂದು ದೋಣಿ, ಒಂದು ಕೊಳವೆ, ಒಂದು ತೊಟ್ಟಿ ಇಲ್ಲದ ಕಾರಣದಿಂದ ಅಷ್ಟು ನೀರು ಅಂಗಳದ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿರುವಾಗ, ಟ್ಯಾಂಕರಿನ ದಾರಿಯನ್ನು ಕಾಯುತ್ತ ಕುಳಿತಿರುವುದು ವಿವೇಕವಲ್ಲ.

ತಗಡಿನ ವಿಚಾರವು ಇಷ್ಟಾಯಿತು. ಈಗ ಕುಲುಮೆಯ ವಿಚಾರಕ್ಕೆ ಬರೋಣ. ಏಕೆಂದರೆ ಆ ವಿಚಾರವೂ ಈ ಸೀಮೆಗೆ ಹೊರತಾದುದಲ್ಲ. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಬೆಟ್ಟಗಳಲ್ಲಿಯೂ ಉಬ್ರಾಣಿಯ ಸುತ್ತಮುತ್ತಲೂ ಅದಿರನ್ನು ತೆಗೆದು ಕಬ್ಬಿಣವನ್ನು ಕರಗಿಸುತ್ತಿದ್ದ ಸಂಗತಿಯು ಲೂಯಿ ರೈಸರ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. ಚಿಕ್ಕಮಗಳೂರು ಜಿಲ್ಲೆಗೆ ೧೯೪೭ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. ಆ ಕಡೂರು ಜಿಲ್ಲೆಯ ತರೀಕೆರೆ ತಾಲೂಕಿನ ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿಯೇ ಮೈಸೂರು ಸರ್ಕಾರದವರು ೧೯೧೮ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದರು. ಬೆಟ್ಟದಿಂದ ತಂತಿಯ ಹಾದಿಯಲ್ಲಿ ತೊಟ್ಟಿಲುಗಳು ಅದಿರನ್ನು ಇಳಿಸಿದವು. ೧೯೨೩ರ ಜನವರಿಯಲ್ಲಿ ಕುಲುಮೆಗೆ ಬೆಂಕಿ ಬಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತವನ್ನು ವಹಿಸಿಕೊಂಡು ಸಂಕಟಕಾಲದಲ್ಲಿ ನಿಲ್ಲಿಸಿದುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ.

ಆ ಕಾರ್ಖಾನೆಯ ಒಂದು ವಿಶೇಷವನ್ನು ಮಾತ್ರ ನಾವು ಇಂದು ನೆನೆಯತಕ್ಕುದಾಗಿದೆ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ಅದಕ್ಕಾಗಿ ಮಲೆನಾಡಿನ ಸೌದೆಯನ್ನು ಇದ್ದಲಾಗಿ ಸುಟ್ಟು ಅದರಿಂದ ಕಬ್ಬಿಣವನ್ನು ಕರಗಿಸಿದರು. ಸುಡುವಾಗ ಹೊರಡುವ ಹೊಗೆಯನ್ನೂ ವ್ಯರ್ಥವಾಗಗೊಡದೆ ಮರದ ಮದ್ಯಸಾರ, ಸುಣ್ಣದ ಅಸಿಟೇಟು, ಡಾಂಬರುಗಳನ್ನು ಇಳಿಸಿದರು. ೧೯೪೮ರಲ್ಲಿ ಜೋಗದ ವಿದ್ಯುದಾಗಾರವು ಕೆಲಸವನ್ನಾರಂಭಿಸಿದ ಮೇಲೆ, ೧೯೫೦ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ತಿನಿಂದ ನಡೆಯುವ ಕಬ್ಬಿಣದ ಕುಲುಮೆಗಳು ಬಂದವು. ಕಲ್ಲಿದ್ದಲನ್ನು ಬಿಟ್ಟು ಉಕ್ಕನ್ನು ಮಾಡುವುದೆಂತು ಎಂದು ಇಂದು ಜಗತ್ತು ತಲೆ ಕೆಡಿಸಿಕೊಂಡಿರುವ ಪ್ರಶ್ನೆಗೆ, ಕೊರತೆಯ ಒತ್ತಾಯದಿಂದಲಾದರೂ, ನಮ್ಮ ಹಿರಿಯರು ತಮ್ಮ ಕಾಲಕ್ಕೆ ತಕ್ಕ ಎರಡು ಉತ್ತರಗಳನ್ನು ಹುಡುಕಿದ್ದರು. ಹಿತ್ತಲ ಗಿಡ ಮದ್ದಲ್ಲವೆಂಬಂತೆ ನಾವು ಅದನ್ನು ಮರೆತಿದ್ದೇವೆ.

ಹಾಗೆಂದು ಆ ಇತಿಹಾಸವನ್ನು ಬರಿಯ ಹೊಗಳಿಕೆಗೆ ಬಳಸುವುದು ಸರಿಯಲ್ಲ. ಕಡಿದ ಕಾಡು ಮತ್ತೆ ಬೆಳೆದರೆ ಮಾತ್ರ ಇದ್ದಲಿನ ಕಬ್ಬಿಣಕ್ಕೆ ನಿರ್ದೋಷವೆಂಬ ಹೆಸರು ಸಲ್ಲುವುದು. ಮಲೆನಾಡಿನ ಎಷ್ಟೋ ಬೆಟ್ಟಗಳಲ್ಲಿ ಕಾಡು ತನ್ನ ಹಿಂದಿನ ದಟ್ಟಣೆಗೆ ಮರಳಲಿಲ್ಲ. ಉಳಿದಿರುವುದು ಇಂದು ಹುಲಿಯ ನೆಲೆ. ಭದ್ರಾ ಅಭಯಾರಣ್ಯವು ೧೯೯೮ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ಕುದುರೆಮುಖದ ಗಣಿಯು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೦೫ರ ಕೊನೆಗೆ ನಿಂತಿತು. ಕೆಮ್ಮಣ್ಣುಗುಂಡಿಯ ಗಣಿಯೂ ಈ ಶತಮಾನದ ಆದಿಯಲ್ಲಿ ಮುಚ್ಚಿತು. ಬೆಟ್ಟವನ್ನು ಮತ್ತೆ ಅಗೆಯಿರಿ, ಕಾಡನ್ನು ಮತ್ತೆ ಕಡಿಯಿರಿ ಎಂದು ಹೇಳುವ ಧೈರ್ಯವು ವಿವೇಕಿಗಳಿಗೆ ಬರಲಾರದು. ಹಸಿರು ಎಂಬ ಹೆಸರು ಎಷ್ಟು ಸುಲಭವಾಗಿ ಮೋಸಮಾಡಬಲ್ಲುದೆಂಬುದಕ್ಕೆ ಇದೂ ಒಂದು ನಿದರ್ಶನ.

ಭದ್ರಾವತಿಯ ಇಂದಿನ ಅವಸ್ಥೆಯು ಎಲ್ಲರಿಗೂ ತಿಳಿದುದೇ. ೧೯೮೯ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಕೈಸೇರಿದ ಕಾರ್ಖಾನೆಯನ್ನು ಮಾರಿಬಿಡಲು ೨೦೧೬ರಲ್ಲಿ ತಾತ್ವಿಕ ಒಪ್ಪಿಗೆಯಾಯಿತು. ೨೦೧೯ರಲ್ಲಿ ಕೊಳ್ಳುವವರನ್ನು ಕರೆದರು. ೨೦೨೨ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟರು. ೨೦೨೩ರ ಜನವರಿಯಲ್ಲಿ ಮುಚ್ಚುವ ನಿರ್ಣಯವಾಯಿತು. ಕಾರ್ಮಿಕರೂ ಊರವರೂ ಎದ್ದು ನಿಂತ ಮೇಲೆ ಅದೇ ವರ್ಷ ಆಗಸ್ಟಿನಲ್ಲಿ ಸರಳು ಎಳೆಯುವ ವಿಭಾಗ ಮಾತ್ರ ಮತ್ತೆ ನಡೆಯಿತು. ೨೦೨೪ರ ಜೂನಿನಲ್ಲಿ ಕೇಂದ್ರದ ಉಕ್ಕು ಖಾತೆಯನ್ನು ವಹಿಸಿಕೊಂಡ ಎಚ್. ಡಿ. ಕುಮಾರಸ್ವಾಮಿಯವರು ಪುನರುಜ್ಜೀವನದ ಭರವಸೆಯನ್ನಿತ್ತರು. ಭರವಸೆಯು ಒಳ್ಳೆಯದು; ಆದರೆ ಯಾವ ಬಗೆಯ ಪುನರುಜ್ಜೀವನ? ಮಹನೀಯರ ಹೆಸರಿನ ಮೇಲಣ ಅಭಿಮಾನವೊಂದೇ ಕುಲುಮೆಯನ್ನು ಉರಿಸಲಾರದು. ದೂರದ ಅದಿರು, ದೂರದ ಕಲ್ಲಿದ್ದಲುಗಳನ್ನು ತರಿಸಿ ದೊಡ್ಡ ಕಾರ್ಖಾನೆಗಳೊಡನೆ ಪೈಪೋಟಿಗಿಳಿದರೆ ಸೋಲು ಬಹುಮಟ್ಟಿಗೆ ನಿಶ್ಚಿತ.

ಗೆಲುವಿನ ದಾರಿಯು ಗುಜರಿಯಲ್ಲಿದೆಯೆಂದು ನಮ್ಮ ಅಭಿಪ್ರಾಯ. ಉಕ್ಕು ಎಷ್ಟು ಸಲ ಕರಗಿದರೂ ಉಕ್ಕಾಗಿಯೇ ಏಳುವ ಲೋಹ. ಒಂದು ಟನ್ನು ಹಳೆಯ ಉಕ್ಕನ್ನು ಮರಳಿ ಕರಗಿಸಿದರೆ ೧.೧ ಟನ್ನು ಅದಿರೂ ೬೩೦ ಕಿಲೋ ಕಲ್ಲಿದ್ದಲೂ ೫೫ ಕಿಲೋ ಸುಣ್ಣಕಲ್ಲೂ ಉಳಿಯುವುವೆಂದು ೨೦೧೯ರ ಕೇಂದ್ರದ ಗುಜರಿ ನೀತಿಯೇ ಹೇಳಿದೆ. ತುಕ್ಕು ಹಿಡಿದ ತಗಡು, ಮುರಿದ ಪಂಪು, ಕಾಲ ಮುಗಿದ ಲಾರಿ, ಇವುಗಳನ್ನು ಕಡೂರಿನಲ್ಲಿಯೂ ತರೀಕೆರೆಯಲ್ಲಿಯೂ ಗುಜರಿಯವರು ತೂಕಕ್ಕೆ ಕೊಳ್ಳುತ್ತಲೇ ಇದ್ದಾರೆ. ಅದು ಲಾರಿಯೇರಿ ದೂರದೂರಿನ ಕುಲುಮೆಗಳಿಗೆ ಹೋಗುತ್ತದೆ. ಕಡೂರು, ಬೀರೂರು, ತರೀಕೆರೆ, ಭದ್ರಾವತಿ ಒಂದೇ ರೈಲು ಹಾದಿಯ ಮೇಲಿವೆ. ಜಲ, ಗಾಳಿ, ಬಿಸಿಲುಗಳಿಂದ ಹುಟ್ಟುವ ವಿದ್ಯುತ್ತಿನಲ್ಲಿ ನಮ್ಮ ರಾಜ್ಯವು ದೇಶದ ಮುಂಚೂಣಿಯಲ್ಲಿದೆ. ಆ ವಿದ್ಯುತ್ತಿನಿಂದ ಗುಜರಿಯನ್ನು ಕರಗಿಸಿ, ಭದ್ರಾವತಿಯ ಕೆಲಸಗಾರರು ತಲೆಮಾರುಗಳಿಂದ ಪಳಗಿರುವ ವಿಶೇಷ ಉಕ್ಕನ್ನು ಎಳೆದರೆ, ಅದಕ್ಕೆ ನಕ್ಷತ್ರಗಳು ತಾವಾಗಿಯೇ ಬರುವುವು. ಭದ್ರಾವತಿಯು ತಗಡಿಗೆ ಹೆಸರಾದ ಕಾರ್ಖಾನೆಯಲ್ಲವೆಂಬುದು ನಿಜ. ತಗಡಾಗಿ ಹೋದ ಲೋಹವು ಸರಳಾಗಿಯೋ ಅಚ್ಚಾಗಿಯೋ ತಿರುಗಿ ಬಂದರೆ ನಷ್ಟವೇನು?

ಗುಜರಿಯಲ್ಲಿ ಬೇರೆ ಲೋಹಗಳ ಬೆರಕೆಯಿರುತ್ತದೆ, ವಿದ್ಯುತ್ತಿನ ದರವು ಹೆಚ್ಚು, ಯಂತ್ರಗಳು ಹಳೆಯವು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಗಳು ಸಟೆಯಲ್ಲ. ಬೆರಕೆಯನ್ನು ವಿಂಗಡಿಸುವ ಅಂಗಳವನ್ನು ಏರ್ಪಡಿಸಬೇಕು. ಕುಲುಮೆಯ ದೂಳಿನಲ್ಲಿ ಹೊರಬರುವ ಸತುವನ್ನು ಮರಳಿ ಪಡೆಯಬೇಕು. ವಿದ್ಯುತ್ತಿನ ದರವನ್ನು ದೀರ್ಘಾವಧಿಗೆ ನಿಶ್ಚಯಿಸಿಕೊಡಬೇಕು. ಇವೆಲ್ಲ ಬಂಡವಾಳದ ಮಾತುಗಳು. ಬಂಡವಾಳವು ಕೊಳ್ಳುವವರ ಭರವಸೆಯನ್ನು ಬೇಡುತ್ತದೆ. ಆ ಭರವಸೆಯನ್ನು ಎಲ್ಲರಿಗಿಂತ ಮೊದಲು ಕೊಡಬಲ್ಲವರು ಸರ್ಕಾರದವರೇ. ನಕ್ಷತ್ರಗಳನ್ನು ಹಂಚುವ ಸರ್ಕಾರವು ತನ್ನ ಸೇತುವೆ, ಗೋದಾಮು, ಶಾಲೆಗಳಿಗೆ ಆ ನಕ್ಷತ್ರದ ಉಕ್ಕನ್ನು ಕೊಳ್ಳದಿದ್ದರೆ ನಕ್ಷತ್ರಗಳು ಕಾಗದದ ಮೇಲೆಯೇ ಮಿನುಗುತ್ತಿರುವುವು.

ಆದುದರಿಂದ ನಾವು ಬಯಸುವುದು ಇಷ್ಟು. ಮೂರು ತಾಲೂಕುಗಳ ಎಂಜಿನಿಯರುಗಳು ಮುಂದಿನ ಅಂದಾಜುಪಟ್ಟಿಯಲ್ಲಿ ಸತುವಿನ ಗ್ರಾಮನ್ನೂ ಮಳೆನೀರಿನ ತೊಟ್ಟಿಯನ್ನೂ ಬರೆಯಲಿ. ಪುರಸಭೆ, ಪಂಚಾಯಿತಿಗಳವರು ಹಳೆಯ ತಗಡು ಎಲ್ಲಿಗೆ ಹೋಗುತ್ತದೆಂಬುದನ್ನು ಲೆಕ್ಕವಿಡಲಿ. ಗೃಹಸ್ಥನು ತಗಡಿನ ಮೇಲಣ ಅಚ್ಚನ್ನು ಓದದೆ ಹಣವನ್ನು ಎಣಿಸದಿರಲಿ. ದಿಲ್ಲಿಯವರು ಭದ್ರಾವತಿಯ ವಿಷಯದಲ್ಲಿ ಆಡಿದ ಮಾತಿಗೆ ಒಂದು ತಾರೀಖನ್ನೂ ಒಂದು ಮೊಬಲಗನ್ನೂ ಕೂಡಿಸಲಿ. ಇವುಗಳಲ್ಲಿ ಮೊದಲಿನ ಮೂರಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾದುದಿಲ್ಲ; ಬರುವ ಮುಂಗಾರಿಗೆ ಮುನ್ನವೇ ಆರಂಭಿಸಬಹುದು.